ಪೆಂಟಿಮೆಂಟ್: ತೀರ್ಪಿನ ಹೊಣೆ ಹೊರಿಸುವ ಆಟ

ಸೀವುಡ್ಸ್‌ನ ನಮ್ಮ ಮನೆಗಳಲ್ಲಿ ವಿಡಿಯೋ ಗೇಮ್ ಎಂದರೆ ಹಿರಿಯರು ಮುಖ ಸಿಂಡರಿಸುವುದುಂಟು. ಅಮೆರಿಕದ ಅಬ್ಸಿಡಿಯನ್ ಸಂಸ್ಥೆ 2022ರ ನವೆಂಬರ್‌ನಲ್ಲಿ ಹೊರತಂದ ‘ಪೆಂಟಿಮೆಂಟ್’ ಬೇರೆಯೇ ಬಗೆಯದು. ವಿಜಯನಗರವನ್ನು ಕೃಷ್ಣದೇವರಾಯರು ಆಳುತ್ತಿದ್ದ 1518ರಲ್ಲಿ, ಜರ್ಮನಿಯ ಬವೇರಿಯಾದ ಕಲ್ಪಿತ ಊರೊಂದರಲ್ಲಿ ಅದರ ಕಥೆ ಆರಂಭವಾಗುತ್ತದೆ.

ಕ್ರೈಸ್ತ ಮಠದ ಹಸ್ತಪ್ರತಿಗಳಿಗೆ ಚಿತ್ರ ಬರೆಯುವ ಆಂಡ್ರಿಯಾಸ್ ಮಾಲರ್, ಕೊಲೆಯ ಆರೋಪ ಹೊತ್ತ ವೃದ್ಧ ಸನ್ಯಾಸಿಯನ್ನು ಉಳಿಸಲು ಸಾಕ್ಷ್ಯ ಹುಡುಕುತ್ತಾನೆ. ಅವನು ಏನು ಓದಿದ್ದ, ಯಾರೊಡನೆ ಉಣ್ಣಬೇಕು, ಯಾರನ್ನು ವಿಚಾರಿಸಬೇಕು ಎಂಬುದನ್ನೆಲ್ಲ ಆಡುವವರೇ ಆರಿಸಬೇಕು. ಎಲ್ಲ ಸುಳಿವುಗಳನ್ನೂ ಬೆನ್ನಟ್ಟಲು ಸಮಯ ಸಾಲದು. ಆದರೂ ಒಬ್ಬರ ಹೆಸರು ಹೇಳಲೇಬೇಕು, ಅವರಿಗೆ ಮರಣದಂಡನೆಯಾಗುತ್ತದೆ. ಆ ತೀರ್ಪು ಸರಿಯೇ ಎಂಬುದನ್ನು ಆಟ ಖಚಿತವಾಗಿ ತಿಳಿಸುವುದಿಲ್ಲ.

ಕಥೆ 25 ವರ್ಷ ಮುಂದುವರಿದು, ಅದರ ಫಲವನ್ನು ಊರವರ ಬದುಕಿನಲ್ಲಿ ಕಾಣಿಸುತ್ತದೆ. ಬೆಳೆದ ಮಕ್ಕಳೊಡನೆ ಕುಳಿತು ಆಡಿ, ಚರ್ಚಿಸಲು ಯೋಗ್ಯವಾದ ಆಟವೆಂದು ನಾವು ಭಾವಿಸುತ್ತೇವೆ.