ಪರದೆಯ ಮೇಲಿನ ಕನ್ನಡ: ಒಂದು ಶಿಷ್ಟತೆಯ ಕಥೆ

ನಮ್ಮ ಭಂಕೂರಿನ ರೈತರಿಗೆ ಕೈಬರಹದ ಪಹಣಿಯ ಬದಲು ಗಣಕಯಂತ್ರದ ಪಹಣಿ ಸಿಗತೊಡಗಿದ್ದು 2000ದ ಈಚೆಗೆ, ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದ ಮೇಲೆ. ಆಗ ಭಂಕೂರ ಚಿತ್ತಾಪುರ ತಾಲ್ಲೂಕಿನಲ್ಲಿತ್ತು. ಸರ್ಕಾರದ ಕಾಗದ ಕನ್ನಡದಲ್ಲೇ ಮುದ್ರಣವಾಗಿ ಬರುವುದು ಸಣ್ಣ ಮಾತಲ್ಲ. ಆದರೆ ಅದೇ ವರ್ಷಗಳಲ್ಲಿ ಒಂದು ಕಚೇರಿಯಲ್ಲಿ ಟೈಪು ಮಾಡಿದ ಕನ್ನಡ ಪತ್ರವನ್ನು ಫ್ಲಾಪಿಯಲ್ಲಿ ಒಯ್ದು ಇನ್ನೊಂದು ಕಡೆ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು.

ಕಾರಣ ಸರಳವಾಗಿದೆ. ವಿಂಡೋಸ್ ಬಂದು ಪರದೆ ಚಿತ್ರಮಯವಾದಾಗ ಅಕ್ಷರವೂ ಒಂದು ಚಿತ್ರವಾಯಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಒಬ್ಬೊಬ್ಬರದು ಒಂದೊಂದು ಫಾಂಟು, ಒಂದೊಂದು ಸಂಕೇತ. ಭಾರತೀಯ ಮಾನಕ ಬ್ಯೂರೋ 1991ರಲ್ಲೇ ‘ಇಸ್ಕಿ’ ಎಂಬ ಸಂಕೇತವನ್ನು ಗೊತ್ತುಪಡಿಸಿತ್ತು. ಮಾರುಕಟ್ಟೆ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೀಲಿಮಣೆಯ ಜಗಳ ಮಾತ್ರ ಬೇಗ ಬಗೆಹರಿಯಿತು. ಅದಕ್ಕೆ ನಾವು ಕೆ.ಪಿ. ರಾವ್ ಅವರನ್ನು ನೆನೆಯಬೇಕು. ಅವರ ವಿನ್ಯಾಸದಲ್ಲಿ ಇಂಗ್ಲಿಷಿನ 26 ಕೀಲಿಗಳೇ ಸಾಕು: ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಅವರು ಅದನ್ನು ತಮ್ಮ ಸ್ವತ್ತಾಗಿ ಇಟ್ಟುಕೊಳ್ಳಲಿಲ್ಲ. ಮುಂದೆ ಸರ್ಕಾರ ಅದನ್ನೇ ಶಿಷ್ಟ ಕೀಲಿಮಣೆಯಾಗಿ ಅಂಗೀಕರಿಸಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನು ಕಚೇರಿ ಕಚೇರಿಗೂ ಮುಟ್ಟಿಸಿತು.

ಅಕ್ಷರ ಸಂಕೇತದ ವಿಷಯ ಹಾಗಾಗಲಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಗಣಕಯಂತ್ರದೊಳಗೆ ಉಳಿಯುತ್ತಿದ್ದುದು ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ, ‘ಕ್ಯೂ’ ಇಂಥವು! ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಉರ್ದು ಬಲ್ಲ ನಮ್ಮ ಓದುಗರಿಗೆ ಇದು ಹೊಸದಲ್ಲ. 1994ರ ಇನ್‌ಪೇಜ್ ತಂತ್ರಾಂಶದಲ್ಲಿ ಸುಂದರವಾದ ನಸ್ತಾಲೀಖ್ ಬರುತ್ತಿತ್ತು, ಆದರೆ ಆ ಕಡತ ಬೇರೆ ತಂತ್ರಾಂಶಕ್ಕೆ ಬಾಯಿ ಬಿಡುತ್ತಿರಲಿಲ್ಲ.

ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅಲ್ಲಿ ಕ ಎಂದರೆ 3221, ಫಾಂಟು ಯಾವುದಾದರೂ ಸರಿ. ಹಾಗಾದರೆ ಮೊದಲೇ ಅದನ್ನು ಏಕೆ ಹಿಡಿಯಲಿಲ್ಲ ಎಂದು ಇಂದು ಬೈಯುವುದು ಸುಲಭ. ಕಚೇರಿಗಳಲ್ಲಿದ್ದ ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ, ‘ತುಂಗಾ’ ಫಾಂಟಿನೊಡನೆ ಅದು ಸಾಧ್ಯವಾದದ್ದು 2001ರ ಎಕ್ಸ್‌ಪಿಯಲ್ಲಿ. ಆದರೂ ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಲು 2012 ಬರಬೇಕಾಯಿತು. ಆ ಹನ್ನೊಂದು ವರ್ಷಕ್ಕೆ ಮಾತ್ರ ನನ್ನಲ್ಲಿ ಸಮರ್ಥನೆಯಿಲ್ಲ. ಅಷ್ಟರಲ್ಲಿ ರಾಶಿ ಬಿದ್ದ ಕಡತಗಳನ್ನು ಪರಿವರ್ತಿಸುವ ಕೆಲಸ ಆಮೇಲೆ ಬಂದವರ ತಲೆಗೆ ಬಿತ್ತು.

ಯೂನಿಕೋಡೂ ನಿರ್ದೋಷಿಯಲ್ಲ. ಫ಼ಾತಿಮಾ, ಜ಼ಾಕಿರ್ ಎಂಬ ಹೆಸರುಗಳ ಉಚ್ಚಾರ ತೋರಿಸಲು ಅಕ್ಷರದ ಕೆಳಗೆ ಇಡುವ ಎರಡು ಚುಕ್ಕಿಗೆ ಅದರಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಮೊದಲು ಹಳಗನ್ನಡದ ೞ ಅಕ್ಷರಕ್ಕೆ ಯಾರೋ ತಪ್ಪಾಗಿ ‘ಫ಼’ ಎಂದು ಹೆಸರು ಬರೆದುಬಿಟ್ಟಿದ್ದರು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಆ ಹೆಸರು ಇಂದಿಗೂ ಪಟ್ಟಿಯಲ್ಲಿ ಹಾಗೆಯೇ ಇದೆ, ಪಕ್ಕದಲ್ಲಿ ಒಂದು ತಿದ್ದುಪಡಿಯೊಂದಿಗೆ.