ತೀರ್ಪಿನ ನಂತರ ಮಗು ಯಾರ ಕೈಯಲ್ಲಿ?

ಅಬೂಬಕರ್ ಸಿದ್ದೀಕ್(ರ) ಖಲೀಫರಾಗಿದ್ದ ಕಾಲ. ಹಝ್ರತ್ ಉಮರ್(ರ) ಮದೀನಾದ ಹೊರವಲಯದ ಕುಬಾಕ್ಕೆ ಹೋದಾಗ ಮಸೀದಿಯ ಅಂಗಳದಲ್ಲಿ ಒಬ್ಬ ಪುಟ್ಟ ಹುಡುಗ ಆಡುತ್ತಿದ್ದ. ಅವನು ಅವರದೇ ಮಗ ಆಸಿಮ್. ತಾಯಿ ಅನ್ಸಾರಿ ಮಹಿಳೆ. ಉಮರ್(ರ) ಮತ್ತು ಆಕೆ ಬೇರ್ಪಟ್ಟಿದ್ದರು. ಅವರು ಮಗನ ತೋಳು ಹಿಡಿದೆತ್ತಿ ಸವಾರಿಯ ಮೇಲೆ ತಮ್ಮ ಮುಂದೆ ಕೂರಿಸಿಕೊಂಡರು. ಹುಡುಗನ ಅಜ್ಜಿ ಬಂದು ತಡೆದರು. ನನ್ನ ಮಗು ಎಂದು ಇವರು, ನನ್ನ ಮಗು ಎಂದು ಅವರು. ವ್ಯಾಜ್ಯ ಖಲೀಫರ ಮುಂದೆ ಹೋಯಿತು. ಮಗುವನ್ನು ಅಜ್ಜಿಗೆ ಬಿಟ್ಟುಕೊಡಿ ಎಂದು ಅಬೂಬಕರ್(ರ) ತೀರ್ಮಾನಿಸಿದರು. ಉಮರ್(ರ) ಮರುಮಾತಾಡಲಿಲ್ಲ. ಇಮಾಮ್ ಮಾಲಿಕ್(ರ) ತಮ್ಮ ಮುವತ್ತಾದಲ್ಲಿ ಈ ಘಟನೆಯನ್ನು ದಾಖಲಿಸಿ, ತಮ್ಮ ಅಭಿಪ್ರಾಯವೂ ಇದೇ ಎಂದಿದ್ದಾರೆ.

ಚಿಕ್ಕ ಮಕ್ಕಳ ಪಾಲನೆಯಲ್ಲಿ ತಾಯಿಯ ಕಡೆಯವರಿಗೆ ಆದ್ಯತೆ ಎಂಬುದಕ್ಕೆ ಈ ಘಟನೆಯನ್ನು ಉದಾಹರಿಸುವುದು ರೂಢಿ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ ಮರುಮಾತಾಡದ ಕ್ಷಣ. ಉಮರ್(ರ) ಅವರ ಸವಾರಿಯಿಂದ ಮಗುವನ್ನು ಬಲವಂತವಾಗಿ ಇಳಿಸುವ ಧೈರ್ಯ ಮದೀನಾದಲ್ಲಿ ಯಾರಿಗಿತ್ತು? ಪೊಲೀಸರಿಲ್ಲ, ಕೋರ್ಟಿನ ಅಮೀನನಿಲ್ಲ. ಆ ತೀರ್ಪನ್ನು ಜಾರಿ ಮಾಡಿದವರು ಅದರಲ್ಲಿ ಸೋತವರೇ. (ಮುಂದೆ ಖಲೀಫರಾದ ಉಮರ್ ಬಿನ್ ಅಬ್ದುಲ್ ಅಝೀಝ್ ಇದೇ ಆಸಿಮ್‌ರ ಮಗಳ ಮಗ.)

ಎಲ್ಲ ತಂದೆಯರೂ ಉಮರ್ ಅಲ್ಲ, ಎಲ್ಲ ತಾಯಂದಿರೂ ಸುಮ್ಮನೆ ಒಪ್ಪುವವರಲ್ಲ ಎಂಬುದು ಫುಕಹಾಗಳಿಗೆ ಗೊತ್ತಿತ್ತು. ಆದ್ದರಿಂದಲೇ ಮಗು ಯಾರ ಬಳಿ ಎಂದಷ್ಟೇ ಹೇಳಿ ಅವರು ನಿಲ್ಲಿಸಲಿಲ್ಲ. ಹನಫಿಗಳ ಪ್ರಸಿದ್ಧ ಗ್ರಂಥ ಹಿದಾಯಾದಲ್ಲಿ ತಾಯಿ ಮಗುವನ್ನು ಬೇರೆ ಊರಿಗೆ ಕರೆದೊಯ್ಯುವ ಚರ್ಚೆ ಬರುತ್ತದೆ. ತಂದೆ ಹೋಗಿ ಮಗುವನ್ನು ನೋಡಿಕೊಂಡು ರಾತ್ರಿಗೆ ತನ್ನ ಮನೆ ಸೇರುವಷ್ಟು ಹತ್ತಿರದ ಊರಾದರೆ ಅಡ್ಡಿಯಿಲ್ಲ ಎನ್ನುತ್ತದೆ ಅದು. ದೂರವನ್ನು ಅಳೆದದ್ದು ಮೈಲಿಯಿಂದಲ್ಲ, ತಂದೆಯ ಒಂದು ದಿನದ ನಡಿಗೆಯಿಂದ. ನಮ್ಮ ಕರಾವಳಿಯ ಶಾಫಿಈಗಳಿಗೆ ಪರಿಚಿತವಾದ ಇಮಾಮ್ ನವವೀ(ರ) ಅವರ ಮಿನ್‌ಹಾಜ್ ಇನ್ನೂ ವಿವರಕ್ಕೆ ಹೋಗುತ್ತದೆ. ತಿಳಿವಳಿಕೆಯ ವಯಸ್ಸಿಗೆ ಬಂದ ಹುಡುಗ ತಾಯಿಯನ್ನು ಆರಿಸಿಕೊಂಡರೆ ರಾತ್ರಿ ಆಕೆಯ ಬಳಿ, ಹಗಲು ತಂದೆಯ ಬಳಿ. ಓದು, ಕಸುಬು ಕಲಿಸುವ ಹೊಣೆ ತಂದೆಯದು. ತಂದೆಯನ್ನು ಆರಿಸಿಕೊಂಡರೆ, ಅವನು ತಾಯಿಯನ್ನು ನೋಡಲು ಹೋಗುವುದನ್ನು ತಂದೆ ತಡೆಯುವಂತಿಲ್ಲ. ಮಗುವಿಗೆ ಕಾಯಿಲೆಯಾದರೆ ಆರೈಕೆಯ ಮೊದಲ ಹಕ್ಕು ತಾಯಿಗೆ. ತಂದೆ ಒಪ್ಪಿದರೆ ಅವನ ಮನೆಯಲ್ಲಿ, ಇಲ್ಲವಾದರೆ ಆಕೆಯ ಮನೆಯಲ್ಲಿ. ಇದು ಹದಿಮೂರನೇ ಶತಮಾನದ ಮಾತು.

ಹಿದಾಯಾ 1791ರಲ್ಲಿ ಇಂಗ್ಲಿಷಿಗೆ ಬಂದು ಕಂಪನಿ ಸರಕಾರದ ಕೋರ್ಟುಗಳ ಮೇಜು ಹತ್ತಿತು. ಸರಿಯಾಗಿ ಒಂದು ಶತಮಾನದ ಬಳಿಕ ಎನ್ನಬಹುದು, 1890ರಲ್ಲಿ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ ಬಂತು. ಇವತ್ತಿಗೂ ನಮ್ಮ ಮಕ್ಕಳ ವ್ಯಾಜ್ಯ ಅದರಡಿಯಲ್ಲೇ ನಡೆಯುತ್ತದೆ. ಅದರ 25ನೇ ಕಲಮನ್ನು ಓದಿದರೆ ಎದೆ ಝಲ್ಲೆನ್ನುತ್ತದೆ: ಪಾಲಕರ ಸುಪರ್ದಿಯಿಂದ ಹೋದ ಮಗುವನ್ನು ಮರಳಿಸುವ ಆದೇಶವನ್ನು ಜಾರಿ ಮಾಡಲು ಕೋರ್ಟ್ ಆ ಮಗುವನ್ನೇ 'ಬಂಧಿಸಿ' ಒಪ್ಪಿಸಬಹುದು. ತಪ್ಪು ದೊಡ್ಡವರದು, ಬಂಧನ ಚಿಕ್ಕವರಿಗೆ! ದೊಡ್ಡವರಿಗೆ 45ನೇ ಕಲಮಿದೆ. 100 ರೂಪಾಯಿ ಮೀರದ ದಂಡ, ಮತ್ತೆ ಹಟ ಹಿಡಿದರೆ ದಿನಕ್ಕೆ 10 ರೂಪಾಯಿ, ಒಟ್ಟು 500ರ ಮಿತಿ. ಜೊತೆಗೆ ಮಗುವನ್ನು ಹಾಜರುಪಡಿಸುತ್ತೇನೆಂದು ಒಪ್ಪುವವರೆಗೆ ಸಿವಿಲ್ ಜೈಲು. 1890ರಲ್ಲಿ 500 ರೂಪಾಯಿ ಭಾರವೇ. ಇಂದು ಅದು ಒಂದು ಹೊತ್ತಿನ ಬಿರಿಯಾನಿಯ ಖರ್ಚು.

ಮಗುವನ್ನು ಭೇಟಿಯಾಗುವ ಹಕ್ಕಿಗೆಂದೇ ಆ ಕಾಯ್ದೆಯಲ್ಲಿ ಪ್ರತ್ಯೇಕ ಕಲಮಿಲ್ಲ. ಮಿನ್‌ಹಾಜ್‌ನಲ್ಲಿದ್ದ ಹಗಲು-ರಾತ್ರಿಯ ಲೆಕ್ಕ ಅಲ್ಲಿಲ್ಲ. ಆ ಜಾಗವನ್ನು ನ್ಯಾಯಾಧೀಶರೇ ತುಂಬುತ್ತಾ ಬಂದರು. ತಂದೆತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ದೂರವಿರುವವರಿಗೆ ವೀಡಿಯೊ ಕರೆಯಲ್ಲಾದರೂ ಮಾತಾಡುವ ಅವಕಾಶವಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ಆದರೆ ಈದ್‌ಗೆಂದು ಕರೆದೊಯ್ದ ಮಗುವನ್ನು ತಂದೆ ವಾಪಸು ಕಳಿಸದಿದ್ದರೆ, ಅಥವಾ ಭಾನುವಾರ ಬಾಗಿಲಿಗೆ ಬಂದ ತಂದೆಗೆ 'ಮಗುವಿಗೆ ಜ್ವರ' ಎಂಬ ಉತ್ತರವೇ ವಾರ ವಾರ ಸಿಕ್ಕರೆ, ಅಮಲ್ಜಾರಿ ಅರ್ಜಿ, ನೋಟಿಸು, ವಾಯಿದೆ. ಅಷ್ಟರಲ್ಲಿ ಮಗು ಒಂದು ತರಗತಿ ಮೇಲೆ ಹೋಗಿರುತ್ತದೆ.

ನಮ್ಮ ಜಮಾಅತ್‌ಗಳಲ್ಲಿ ತಲಾಕ್, ಖುಲಾಗಳ ಪಂಚಾಯಿತಿ ನಡೆದಾಗ ಬರೆಸುವ ಒಪ್ಪಂದ ಪತ್ರಗಳಲ್ಲಿ ಮಹ್ರ್, ಚಿನ್ನ, ಪಾತ್ರೆಪಗಡಗಳ ಪಟ್ಟಿ ಉದ್ದಕ್ಕಿರುತ್ತದೆ. ಮಗುವಿನ ಬಗ್ಗೆ ಬಹಳ ಸಲ ಒಂದೇ ಸಾಲು: ತಾಯಿಯ ಬಳಿ ಇರತಕ್ಕದ್ದು, ತಂದೆ ನೋಡಬಹುದು. ಯಾವ ದಿನ, ಎಷ್ಟು ಹೊತ್ತು, ಯಾರು ಕರೆತರಬೇಕು, ಯಾರು ಬಿಡಬೇಕು, ಎರಡು ಈದ್‌ಗಳಲ್ಲಿ ಯಾವುದು ಯಾರಿಗೆ, ಗಲ್ಫ್‌ನಲ್ಲಿರುವ ತಂದೆ ರಜೆಗೆ ಬಂದಾಗ ಎಷ್ಟು ದಿನ ಎಂಬುದು ಅಲ್ಲಿರುವುದಿಲ್ಲ. ಇನ್ನೊಂದು ಮಾತು: ಜಮಾಅತ್‌ನ ಮುದ್ರೆಯಿರುವ ಪತ್ರವನ್ನಷ್ಟೇ ಹಿಡಿದು ಅಮೀನ ಯಾರ ಮನೆಗೂ ಬರುವುದಿಲ್ಲ. ಅದೇ ಷರತ್ತುಗಳನ್ನು ಇಬ್ಬರೂ ಸಹಿ ಮಾಡಿ ಕೌಟುಂಬಿಕ ನ್ಯಾಯಾಲಯದಲ್ಲಿ ರಾಜಿ ಅರ್ಜಿಯಾಗಿ ದಾಖಲಿಸಿದರೆ, ಅದರಂತೆ ಡಿಕ್ರಿಯಾಗುತ್ತದೆ. ಆಮೇಲೆ ಅದನ್ನು ಜಾರಿ ಮಾಡಿಸಲು ಹೊಸ ದಾವೆ ಬೇಕಾಗುವುದಿಲ್ಲ.