ಪದ ಪರಿಚಯ: ಹಿಡಿಯುವ ಗ್ರಹ, ಅಲೆಯುವ ಗ್ರಹ

ಗ್ರಹ

‘ಸೂರ್ಯ, ಚಂದ್ರ ನವಗ್ರಹದಲ್ಲಿ ಇದ್ದಾರಲ್ಲ, ವಿಜ್ಞಾನ ಪುಸ್ತಕದ ಗ್ರಹಗಳ ಪಟ್ಟಿಯಲ್ಲಿ ಯಾಕಿಲ್ಲ?’ ಎಂದು ಮಕ್ಕಳು ಕೇಳುತ್ತಾರೆ. ತುಂಬ ಒಳ್ಳೆಯ ಪ್ರಶ್ನೆ. ಸಂಸ್ಕೃತದ ‘ಗ್ರಹ್’ ಧಾತುವಿಗೆ ಹಿಡಿ ಎಂದರ್ಥ. ಗ್ರಹಣ, ಗ್ರಹಿಕೆ, ಸಂಗ್ರಹ, ಆಗ್ರಹ ಎಲ್ಲ ಅದೇ ಬಳಗ. ಮನುಷ್ಯರನ್ನು ಹಿಡಿದು ಕಾಡುವುದೇ ಗ್ರಹ ಎಂಬುದು ಹಳೆಯ ವಿವರಣೆ. ಹಾಗಾಗಿಯೇ ಕಣ್ಣಿಗೆ ಕಾಣದ ರಾಹು ಕೇತುಗಳಿಗೂ ನವಗ್ರಹದಲ್ಲಿ ಜಾಗ. ಕಾಲಡಿಯ ಭೂಮಿಗೆ ಇಲ್ಲ. ‘ಗ್ರಹಚಾರ’ ಎಂದರೆ ಗ್ರಹಗಳ ಸಂಚಾರ ಅಷ್ಟೆ, ನಾವು ಅದನ್ನು ಕೆಟ್ಟ ಕಾಲಕ್ಕೇ ಮೀಸಲಿಟ್ಟೆವು.

ಗ್ರಹಕ್ಕೆ ತಮಿಳರು ಹೇಳುವ ‘ಕೋಳ್’ ಕೂಡ ಹಿಡಿ ಎಂಬರ್ಥದ ‘ಕೊಳ್’ನಿಂದ ಬಂದದ್ದು, ನಮ್ಮ ‘ಕೊಳ್ಳು’ವಿನ ಒಡಹುಟ್ಟು. ಹಳಗನ್ನಡದಲ್ಲಿ ಕೋಳ್ ಎಂದರೆ ಸೆರೆ, ಸುಲಿಗೆ. ಗ್ರೀಕರು ಮಾತ್ರ ಚಲನೆ ನೋಡಿ ಹೆಸರಿಟ್ಟರು: ಸ್ಥಿರವಾಗಿ ಕಾಣುವ ನಕ್ಷತ್ರಗಳ ನಡುವೆ ಅಲೆಯುವುದು ‘ಪ್ಲಾನೆಟ್’. ಅವರ ಅಲೆಮಾರಿಗಳಲ್ಲೂ ಸೂರ್ಯ ಚಂದ್ರರಿದ್ದರು.

ಇಂದಿನ ವಿಜ್ಞಾನದ ಅರ್ಥ ಬಿಗಿಯಾದದ್ದು. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹೇಳಿದಂತೆ, ಸೌರವ್ಯೂಹದ ಗ್ರಹ ಸೂರ್ಯನನ್ನು ಸುತ್ತಬೇಕು, ಸ್ವಂತ ಗುರುತ್ವದಿಂದ ದುಂಡಗಾಗಿರಬೇಕು, ತನ್ನ ಕಕ್ಷೆಯ ಸುತ್ತಮುತ್ತ ತೆರವು ಮಾಡಿಕೊಂಡಿರಬೇಕು. ಕೊನೆಯದರಲ್ಲಿ ಸೋತ ಪ್ಲೂಟೊ ಕುಬ್ಜಗ್ರಹ, ಭೂಮಿಯನ್ನು ಸುತ್ತುವ ಚಂದ್ರ ಉಪಗ್ರಹ, ಸೂರ್ಯ ನಕ್ಷತ್ರ. ಉಳಿದವು ಎಂಟು, ಭೂಮಿಯೂ ಸೇರಿ.